ರಾತ್ರಿ ಹಚ್ಚಿ ಮಲಗುವ ಮಾಸ್ಕ್: ಯಾರಿಗೆ ಯಾವುದು?

ಹೋದ ತಿಂಗಳು ಅಕ್ಕ ಅಂಗಡಿಯಲ್ಲೇ ನಿಂತು ಎರಡು ಡಬ್ಬಿಗಳ ಫೋಟೋ ಕಳಿಸಿದಳು. ಒಂದರಲ್ಲಿ ತಿಳಿನೀಲಿ ಜೆಲ್, ಇನ್ನೊಂದರಲ್ಲಿ ತೆಳು ಹಳದಿ ಕ್ರೀಮ್. ಎರಡರ ಮೇಲೂ ‘ಓವರ್‌ನೈಟ್ ಮಾಸ್ಕ್’ ಅಂತ ಇತ್ತು, ಎರಡರ ಮೇಲೂ ‘ಆಂಟಿ ಏಜಿಂಗ್’ ಅಂತಲೂ ಇತ್ತು. ಕೆಳಗೆ ಒಂದು ಸಾಲು: "ಯಾವುದು ತಗೊಳ್ಳಲಿ, ಬೇಗ ಹೇಳು."

ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರದ ಫೋಟೋ ಕಳಿಸು ಅಂದೆ. ಜೆಲ್‌ನ ಪಟ್ಟಿಯಲ್ಲಿ ಮೊದಲು ನೀರು, ಆಮೇಲೆ ಗ್ಲಿಸರಿನ್, ಅದರ ಹಿಂದೆ ಸೋಡಿಯಂ ಹಯಲುರೊನೇಟ್, ಅಂದರೆ ನೀರು ಹಿಡಿದಿಡುವ ಹಯಲುರಾನಿಕ್ ಆಸಿಡ್‌ನ ಒಂದು ರೂಪ. ಕ್ರೀಮ್‌ನ ಪಟ್ಟಿಯಲ್ಲಿ ರೆಟಿನಾಲ್, ಅಂದರೆ ಎ ವಿಟಮಿನ್‌ನ ಒಂದು ರೂಪ, ಇತ್ತು. ಹೆಸರು ಒಂದೇ ಆದರೂ ಇವೆರಡೂ ಮಾಡುವ ಕೆಲಸ ಪೂರ್ತಿ ಬೇರೆ. ಮೊದಲನೆಯದು ಬಾಯಾರಿದ ಚರ್ಮಕ್ಕೆ ನೀರು ಕೊಡುತ್ತದೆ. ಬೆಳಗ್ಗೆ ಎದ್ದಾಗ ಮುಖ ತುಂಬಿದ ಹಾಗೆ ಕಾಣುತ್ತದೆ, ಎರಡು ದಿನ ಬಿಟ್ಟರೆ ಮೊದಲಿನಂತೆ ಆಗುತ್ತದೆ. ಎರಡನೆಯದು ಚರ್ಮ ತನ್ನನ್ನು ತಾನು ಹೊಸದಾಗಿ ಮಾಡಿಕೊಳ್ಳುವ ವೇಗವನ್ನೇ ಬದಲಾಯಿಸುತ್ತದೆ. ಅದಕ್ಕೆ ತಿಂಗಳುಗಳು ಬೇಕು, ಮೊದಲ ವಾರಗಳಲ್ಲಿ ಮುಖ ಇನ್ನೂ ಕೆಟ್ಟ ಹಾಗೆ ಕಾಣಬಹುದು.

ಈ ವ್ಯತ್ಯಾಸ ಗೊತ್ತಿಲ್ಲದೆ ತಗೊಂಡರೆ ದುಡ್ಡೂ ಹೋಗುತ್ತದೆ, ಕೆಲವು ಸಲ ಮುಖವೂ ಕೆಡುತ್ತದೆ. ನನಗೆ ಅದು ಆಗಿದೆ, ಮುಂದೆ ಹೇಳುತ್ತೇನೆ. ಅಕ್ಕನಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಮುಖ ನೋಡಿಕೊಳ್ಳಿ, ಆಮೇಲೆ ಡಬ್ಬಿ

ಒಂದು ಸಂಜೆ ಮುಖ ತೊಳೆದು, ಮೆತ್ತಗೆ ಒರೆಸಿ, ಏನೂ ಹಚ್ಚದೆ ಅರ್ಧ ಗಂಟೆ ಬಿಡಿ. ಆಮೇಲೆ ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ. ಟ್ಯೂಬ್‌ಲೈಟ್ ಬೇಡ, ಅದರಲ್ಲಿ ಎಲ್ಲರ ಮುಖವೂ ಬಾಡಿದ ಹಾಗೆ ಕಾಣುತ್ತದೆ.

ಕೆನ್ನೆ ಬಿಗಿದ ಹಾಗಿದೆಯಾ? ನಕ್ಕಾಗ ಕಣ್ಣಿನ ಕೆಳಗೆ ಈರುಳ್ಳಿ ಸಿಪ್ಪೆ ಮುದುರಿದ ಹಾಗೆ ಸಣ್ಣ ಸಣ್ಣ ಗೆರೆಗಳು ಅಡ್ಡಾದಿಡ್ಡಿ ಮೂಡುತ್ತವೆಯಾ? ಒಂಚೂರು ಕ್ರೀಮ್ ಹಚ್ಚಿದ ಕೂಡಲೇ ಅರ್ಧ ಮಾಯ ಆಗುತ್ತವೆಯಾ? ಹಾಗಿದ್ದರೆ ಅದು ನೀರಿನ ಕೊರತೆ. ವಯಸ್ಸಿಗೂ ಅದಕ್ಕೂ ಸಂಬಂಧ ಕಡಿಮೆ. ಇಪ್ಪತ್ತೈದರ ಹುಡುಗಿಯರಲ್ಲೂ, ಇಡೀ ದಿನ ಎಸಿ ಆಫೀಸಿನಲ್ಲಿ ಕೂತರೆ, ಇದು ಬರುತ್ತದೆ.

ಮುಖ ಸುಮ್ಮನಿದ್ದಾಗಲೂ ಹಣೆಯ ಗೆರೆ, ಮೂಗಿನ ಪಕ್ಕದ ನೆರಿಗೆ ಹಾಗೇ ಇದೆಯಾ? ಕೆನ್ನೆಯ ಮೇಲೆ ಬಂಗು, ಕಂದು ಚುಕ್ಕೆ, ಬಾಯಿಯ ಸುತ್ತ ಕಪ್ಪು ಇದೆಯಾ? ಅದು ಬಿಸಿಲು ಮತ್ತು ವಯಸ್ಸು ಸೇರಿ ಮಾಡಿದ್ದು. ನಮ್ಮಂಥ ಕಂದು ಚರ್ಮದಲ್ಲಿ ವಯಸ್ಸು ಸಾಮಾನ್ಯವಾಗಿ ಸುಕ್ಕಾಗಿ ಬರುವ ಮೊದಲು ಬಣ್ಣವಾಗಿ ಬರುತ್ತದೆ. ಬಿಳಿ ಚರ್ಮದವರಿಗೆ ನಲವತ್ತಕ್ಕೆ ಬರುವ ಗೆರೆ ನಮಗೆ ಎಷ್ಟೋ ವರ್ಷ ತಡ. ಆದರೆ ಅವರಿಗೆ ಅಷ್ಟಾಗಿ ಬಾರದ ಕಲೆ ನಮಗೆ ಬೇಗ. ಹೊರಗಿನ ದೇಶದ ಜಾಹೀರಾತು ನೋಡಿ ಸುಕ್ಕಿನ ಹಿಂದೆ ಓಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಬಿಸಿಲು ಎಷ್ಟು ಮಾಡುತ್ತದೆ ಅನ್ನುವುದಕ್ಕೆ ಒಂದು ಚಿತ್ರ ಇದೆ. 2012ರಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯ ಪತ್ರಿಕೆಯಲ್ಲಿ 69 ವರ್ಷದ ಒಬ್ಬ ಟ್ರಕ್ ಡ್ರೈವರ್‌ನ ಫೋಟೋ ಬಂತು. 28 ವರ್ಷ ಗಾಡಿ ಓಡಿಸಿದವರು. ಅಲ್ಲಿ ಡ್ರೈವರ್ ಎಡಗಡೆ ಕೂರುವುದರಿಂದ ಕಿಟಕಿಯ ಬಿಸಿಲು ಎಡಗೆನ್ನೆಗೇ ಬೀಳುತ್ತಿತ್ತು. ಎಡಗಡೆ ಆಳವಾದ ಮಡಿಕೆಗಳು, ಜೋತ ಚರ್ಮ. ಬಲಗಡೆ ಬೇರೆ ಯಾರದೋ ಮುಖದ ಹಾಗೆ ಚೆನ್ನಾಗಿತ್ತು. ಒಂದೇ ಮನುಷ್ಯ, ಒಂದೇ ವಯಸ್ಸು! ಗಾಜು ಸುಡುವ ಕಿರಣವನ್ನು ತಡೆಯುತ್ತದೆ, ಆದರೆ ಚರ್ಮವನ್ನು ಒಳಗಿನಿಂದ ಸಡಿಲ ಮಾಡುವ ಯುವಿಎ ಕಿರಣ ಗಾಜಿನೊಳಗೂ ಬರುತ್ತದೆ. ಈ ಚಿತ್ರ ನೋಡಿದ ಮೇಲೆ ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಸನ್‌ಸ್ಕ್ರೀನ್ ಹಚ್ಚುತ್ತೇನೆ.

ಜೆಲ್ ಮಾಸ್ಕೋ, ದಪ್ಪ ಕ್ರೀಮೋ?

ಬಾಯಾರಿದ ಚರ್ಮಕ್ಕೆ ಎರಡು ದಾರಿ. ರಾತ್ರಿ ಹೊತ್ತು ಚರ್ಮದಿಂದ ನೀರು ಆವಿಯಾಗಿ ಹೋಗುವುದು ಹಗಲಿಗಿಂತ ಜಾಸ್ತಿ. ಅದನ್ನು ಹಿಡಿದಿಡಬೇಕು, ಇಲ್ಲವೇ ಹೋಗದ ಹಾಗೆ ಮುಚ್ಚಬೇಕು. ಒಳ್ಳೆಯ ಮಾಸ್ಕ್ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತದೆ.

ಕೊರಿಯಾದಿಂದ ಬಂದ ‘ಸ್ಲೀಪಿಂಗ್ ಪ್ಯಾಕ್’ ಮೊದಲ ಬಗೆ. ಗ್ಲಿಸರಿನ್, ಹಯಲುರಾನಿಕ್ ಆಸಿಡ್ ನೀರನ್ನು ಎಳೆದು ಹಿಡಿಯುತ್ತವೆ. ಮೇಲೆ ತೆಳುವಾದ ಒಂದು ಪೊರೆ ಒಣಗುತ್ತದೆ. ಈ ಹಯಲುರಾನಿಕ್ ಆಸಿಡ್ ಹೊಸದೇನಲ್ಲ, 1934ರಲ್ಲೇ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನೊಳಗಿನ ಲೋಳೆಯಲ್ಲಿ ಇದನ್ನು ಗುರುತಿಸಿದ್ದರು. ನಮ್ಮ ಚರ್ಮದಲ್ಲೂ ಇದು ಇದೆ, ವಯಸ್ಸಾದಂತೆ ಕಡಿಮೆ ಆಗುತ್ತದೆ. ಹೊರಗಿನಿಂದ ಹಚ್ಚಿದ್ದು ಮಾತ್ರ ಬಹುಪಾಲು ಮೇಲ್ಪದರದಲ್ಲೇ ನಿಲ್ಲುತ್ತದೆ. ಅಲ್ಲೇ ನೀರು ಹಿಡಿದು ಗೆರೆಗಳನ್ನು ಉಬ್ಬಿಸುತ್ತದೆ. ಸುಕ್ಕು ಹೋಯಿತು ಅನಿಸುವುದು ಅದಕ್ಕೇ.

ಎರಡನೆಯ ಬಗೆ ನಮ್ಮ ಅಜ್ಜಿಯದು. ಧಾರವಾಡದ ಕಡೆ ಚಳಿಗಾಲದಲ್ಲಿ ಕೆನ್ನೆ ಬಿರಿಯುತ್ತದೆ. ಅಜ್ಜಿ ಮಲಗುವ ಮುಂಚೆ ಎರಡು ಬೆರಳಿನಲ್ಲಿ ಬೆಣ್ಣೆ ತೆಗೆದುಕೊಂಡು, ಒದ್ದೆ ಕೈಯಲ್ಲಿ ನಮ್ಮ ಕೆನ್ನೆಗೆ ಸವರುತ್ತಿದ್ದಳು. ಒದ್ದೆ ಕೈ ಅನ್ನುವುದನ್ನು ಗಮನಿಸಿ. ಮೊದಲು ನೀರು, ಅದರ ಮೇಲೆ ಜಿಡ್ಡು. ಇವತ್ತು ಚರ್ಮದ ಡಾಕ್ಟರ್ ಹೇಳುವುದೂ ಇದನ್ನೇ: ಮುಖ ಇನ್ನೂ ತುಸು ಒದ್ದೆ ಇರುವಾಗಲೇ ಕ್ರೀಮ್ ಹಚ್ಚಿ. ಈಗ ಬೆಣ್ಣೆ ಬೇಕಿಲ್ಲ. ಸೆರಾಮೈಡ್ ಇರುವ ದಪ್ಪ ಕ್ರೀಮ್ ಸಿಗುತ್ತದೆ. ಸೆರಾಮೈಡ್ ಅಂದರೆ ಚರ್ಮದ ಕೋಶಗಳ ನಡುವೆ ಗಾರೆಯ ಹಾಗೆ ಇರುವ ಕೊಬ್ಬು. ಇನ್ನೂ ಅಗ್ಗದ್ದು ಬೇಕೆಂದರೆ ಬರೀ ಪೆಟ್ರೋಲಿಯಂ ಜೆಲ್ಲಿ. ನೀರು ಆವಿಯಾಗುವುದನ್ನು ತಡೆಯುವುದರಲ್ಲಿ ಅದನ್ನು ಮೀರಿಸಿದ ವಸ್ತು ಇಲ್ಲ. 1872ರಿಂದ ಇದೆ, ಸಾಮಾನ್ಯವಾಗಿ ಮೊಡವೆ ತರುವುದಿಲ್ಲ. ಆದರೆ ಜಿಡ್ಡು ಮುಖದವರಿಗೆ ಅದರ ಕೆಳಗೆ ಬೆವರು, ಎಣ್ಣೆ ಸಿಕ್ಕಿಕೊಂಡು ಕಿರಿಕಿರಿ ಆಗಬಹುದು.

ಹಾಗಾದರೆ ಯಾವುದು? ಇಲ್ಲಿ ಊರು ನೋಡಬೇಕು. ಮಂಗಳೂರು, ಕಾರವಾರದ ಕಡೆ ವರ್ಷದಲ್ಲಿ ಬಹುಪಾಲು ಗಾಳಿಯಲ್ಲೇ ತೇವ. ಅಲ್ಲಿ ಜೆಲ್ ಸಾಕು, ದಪ್ಪ ಕ್ರೀಮ್ ಹಚ್ಚಿದರೆ ರಾತ್ರಿಯಿಡೀ ಮುಖ ಬೆವರುತ್ತದೆ. ಕಲಬುರಗಿ, ರಾಯಚೂರಿನ ಒಣ ಗಾಳಿಯಲ್ಲಿ ಬರೀ ಜೆಲ್ ಹಚ್ಚಿದರೆ ಬೆಳಗ್ಗೆ ಮುಖ ಇನ್ನೂ ಬಿಗಿಯಬಹುದು. ಹಿಡಿದ ನೀರು ಮೇಲಿಂದ ಹಾರಿಹೋಗುತ್ತದೆ. ಅಲ್ಲಿ ಜೆಲ್ ಮೇಲೆ ಒಂದು ಪದರ ಕ್ರೀಮ್ ಬೇಕೇ ಬೇಕು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಗೆ ಕ್ರೀಮ್, ಉಳಿದ ಕಾಲಕ್ಕೆ ಜೆಲ್ ಅಂತ ನಾನು ಬದಲಾಯಿಸುತ್ತೇನೆ. ದುಬೈ, ದೋಹಾ ಕಡೆ ಇರುವ ನಮ್ಮವರು ದಿನಪೂರ್ತಿ ಎಸಿಯಲ್ಲೇ ಇರುತ್ತಾರೆ. ಹೊರಗೆ ಎಷ್ಟೇ ತೇವ ಇರಲಿ, ಅವರ ಲೆಕ್ಕ ರಾಯಚೂರಿನದೇ.

ಜೆಲ್ ಒಳ್ಳೆಯದಾ ಅಂತ ನೋಡಲು ನನ್ನದೊಂದು ಪರೀಕ್ಷೆ. ಕೈ ಹಿಂಭಾಗಕ್ಕೆ ಒಂದು ಹನಿ ಹಚ್ಚಿ ಹತ್ತು ನಿಮಿಷ ಬಿಡಿ. ಬೆರಳಿನಿಂದ ಉಜ್ಜಿದಾಗ ರಬ್ಬರಿನ ಪುಡಿಯ ಹಾಗೆ ಉಂಡೆ ಉಂಡೆ ಬಂದರೆ ಅದರಲ್ಲಿ ಪೊರೆ ಕಟ್ಟುವ ವಸ್ತು ಜಾಸ್ತಿ. ರಾತ್ರಿ ಅದೆಲ್ಲ ದಿಂಬಿನ ಕವರಿಗೆ ಹೋಗುತ್ತದೆ. ವಾಸನೆಯನ್ನೂ ನೋಡಿ. ಜೋರು ಗುಲಾಬಿ ವಾಸನೆ ಇರುವ ಮಾಸ್ಕ್ ಎಂಟು ಗಂಟೆ ಮೂಗಿನ ಕೆಳಗೇ ಇರುತ್ತದೆ. ಸುವಾಸನೆಯೇ ಎಷ್ಟೋ ಜನಕ್ಕೆ ಅಲರ್ಜಿ. ವಾಸನೆ ಇಲ್ಲದ್ದೇ ತಗೊಳ್ಳಿ.

ರೆಟಿನಾಲ್: ಕೆಲಸ ಮಾಡುತ್ತದೆ, ಆದರೆ ಮಾಸ್ಕ್ ಹಾಗೆ ಬಳಿಯುವುದಲ್ಲ

ಸುಕ್ಕಿಗೆ, ಬಿಸಿಲಿನ ಕಲೆಗೆ ಹಚ್ಚುವ ವಸ್ತುಗಳಲ್ಲಿ ಅತಿ ಹೆಚ್ಚು ಪುರಾವೆ ಇರುವುದು ಎ ವಿಟಮಿನ್ ಕುಟುಂಬಕ್ಕೆ. ಇದರ ದೊಡ್ಡಣ್ಣ ಟ್ರೆಟಿನಾಯಿನ್. ಅಮೆರಿಕದಲ್ಲಿ 1971ರಲ್ಲಿ ಮೊಡವೆಯ ಔಷಧವಾಗಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮೊಡವೆಗೆ ಹಚ್ಚಿಕೊಂಡ ವಯಸ್ಸಾದವರು ಸುಕ್ಕೂ ಕಡಿಮೆ ಆಗಿದೆ ಅಂತ ಹೇಳತೊಡಗಿದರು. ಆಮೇಲೆ 1986ರಲ್ಲಿ ಫಿಲಡೆಲ್ಫಿಯಾದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು ಬಿಸಿಲಿಗೆ ಕೆಟ್ಟ ಚರ್ಮದ ಮೇಲೆ ಇದು ಏನು ಮಾಡುತ್ತದೆ ಅಂತ ಬರೆದರು. ನಮ್ಮಲ್ಲಿ ಟ್ರೆಟಿನಾಯಿನ್ ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಔಷಧ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿದರೂ ಕೊಡುವವರಿದ್ದಾರೆ, ತಗೋಬೇಡಿ.

ಕಾಸ್ಮೆಟಿಕ್ ಡಬ್ಬಿಯಲ್ಲಿ ಇರುವುದು ರೆಟಿನಾಲ್. ಚರ್ಮ ಇದನ್ನು ಎರಡು ಹಂತದಲ್ಲಿ ಬದಲಾಯಿಸಿ ಕೊನೆಗೆ ಟ್ರೆಟಿನಾಯಿನ್ ಆಗಿ ಬಳಸುತ್ತದೆ. ಅದಕ್ಕೇ ಮೆತ್ತಗೆ, ಅದಕ್ಕೇ ನಿಧಾನ. ಕನಿಷ್ಠ 12 ವಾರ ಕಾಯಬೇಕು. ಯುರೋಪ್ ಒಕ್ಕೂಟ 2024ರಲ್ಲಿ ಮಾಡಿದ ನಿಯಮದಲ್ಲಿ ಮುಖದ ಕ್ರೀಮ್‌ಗಳಿಗೆ 0.3% ಮಿತಿ ಹಾಕಿದೆ. ಅಂದರೆ 1% ಅಂತ ದೊಡ್ಡದಾಗಿ ಬರೆದ ಡಬ್ಬಿ ನೋಡಿ ಖುಷಿಪಡುವ ಅಗತ್ಯ ಇಲ್ಲ. ಹೊಸಬರಿಗೆ 0.1% ಅಥವಾ 0.2% ಸಾಕು.

ಈಗ ಮುಖ್ಯವಾದ ಮಾತು. ‘ಮಾಸ್ಕ್’ ಅಂದರೆ ನಾವು ದಪ್ಪಗೆ ಹಚ್ಚುತ್ತೇವೆ. ರೆಟಿನಾಲ್ ದಪ್ಪಗೆ ಹಚ್ಚಿದರೆ ಲಾಭ ಹೆಚ್ಚುವುದಿಲ್ಲ, ಉರಿ ಹೆಚ್ಚುತ್ತದೆ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಅಷ್ಟೇ. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕೆ ಇಟ್ಟು ಹರಡಬೇಕು. ಕಣ್ಣಿನ ರೆಪ್ಪೆ, ಮೂಗಿನ ಸಂದು, ತುಟಿಯ ಮೂಲೆ ಬಿಡಬೇಕು. ಅಲ್ಲಿ ಮೊದಲು ಬಿರಿಯುವುದು. ಮುಖ ಪೂರ್ತಿ ಒಣಗಿರಬೇಕು. ಸಾದಾ ಕ್ರೀಮ್‌ಗೆ ಒದ್ದೆ ಮುಖ ಅಂದೆನಲ್ಲ, ಇದಕ್ಕೆ ಉಲ್ಟಾ. ಒದ್ದೆ ಚರ್ಮದಲ್ಲಿ ಇದು ಜಾಸ್ತಿ ಇಳಿದು ಉರಿಸಬಹುದು.

ಮೊದಲ ತಿಂಗಳು ವಾರಕ್ಕೆ ಎರಡು ರಾತ್ರಿ. ಸಿಪ್ಪೆ ಏಳದಿದ್ದರೆ ಮೂರು. ಚರ್ಮ ನಾಜೂಕಾಗಿದ್ದರೆ ಮೊದಲು ಸಾದಾ ಕ್ರೀಮ್, ಅದರ ಮೇಲೆ ರೆಟಿನಾಲ್, ಮತ್ತೆ ಕ್ರೀಮ್. ಸ್ಯಾಂಡ್‌ವಿಚ್ ಅಂತಲೇ ಇದನ್ನು ಕರೆಯುತ್ತಾರೆ. ಸ್ವಲ್ಪ ಒಣಗುವುದು, ಮೂಗಿನ ಪಕ್ಕ ಹೊಟ್ಟು ಏಳುವುದು ಮಾಮೂಲು, ಕೆಲವು ವಾರಗಳಲ್ಲಿ ಕಡಿಮೆ ಆಗುತ್ತದೆ. ಕೆಂಪಾಗಿ ಊದಿದರೆ, ನೀರು ತಾಗಿದರೂ ಉರಿದರೆ ನಿಲ್ಲಿಸಿ.

ಡಬ್ಬಿಯನ್ನೂ ನೋಡಿ. ರೆಟಿನಾಲ್ ಬೆಳಕು, ಗಾಳಿ ತಾಗಿದರೆ ಕೆಡುತ್ತದೆ. ರಾತ್ರಿ ಹಚ್ಚುವುದಕ್ಕೆ ಅದೂ ಒಂದು ಕಾರಣ. ಅಗಲ ಬಾಯಿಯ ಪಾರದರ್ಶಕ ಡಬ್ಬಿಯಲ್ಲಿ ಬಂದ ರೆಟಿನಾಲ್ ಮಾಸ್ಕ್ ಎಷ್ಟೇ ಚೆಂದ ಇರಲಿ, ದಿನಾ ಮುಚ್ಚಳ ತೆಗೆಯುತ್ತಾ ಹೋದರೆ ಅರ್ಧ ಮುಗಿಯುವ ಹೊತ್ತಿಗೆ ಸತ್ವ ಇಳಿದಿರುತ್ತದೆ. ಅಲ್ಯೂಮಿನಿಯಂ ಟ್ಯೂಬ್ ಅಥವಾ ಗಾಳಿ ಹೋಗದ ಪಂಪ್ ಒಳ್ಳೆಯದು.

ಬಸುರಿಯರು, ಮಗು ಬೇಕೆಂದು ನೋಡುತ್ತಿರುವವರು, ಎದೆಹಾಲು ಕೊಡುತ್ತಿರುವವರು ರೆಟಿನಾಲ್ ಮುಟ್ಟಬಾರದು. ಈ ವಿಷಯ ಡಬ್ಬಿಯ ಮೇಲೆ ತುಂಬ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮನೆಯಲ್ಲಿ ಅಕ್ಕತಂಗಿಯರು ಒಂದೇ ಕ್ರೀಮ್ ಹಂಚಿಕೊಳ್ಳುವುದು ಇರುತ್ತದಲ್ವಾ, ಅಂಥ ಕಡೆ ಬಾಯಿಬಿಟ್ಟು ಹೇಳಿಬಿಡಿ.

ನಮ್ಮ ಬಾವಂಚಿಯಿಂದ ಬಂದದ್ದು

ರೆಟಿನಾಲ್ ಒಗ್ಗದವರಿಗೆ ಅಂತ ಈಗ ಬಾಕುಚಿಯಾಲ್ ಬರುತ್ತಿದೆ. ಹೆಸರು ಕೇಳಿದರೆ ವಿದೇಶಿ ಅನಿಸುತ್ತದೆ. ಇದು ನಮ್ಮ ಬಾವಂಚಿ ಬೀಜದ್ದು. ಆಯುರ್ವೇದದಲ್ಲಿ ತೊನ್ನಿಗೆ ಕೊಡುವ ಬಾಕುಚಿ. 2019ರಲ್ಲಿ ಬ್ರಿಟನ್ನಿನ ಚರ್ಮವೈದ್ಯ ಪತ್ರಿಕೆಯಲ್ಲಿ ಒಂದು ಹೋಲಿಕೆ ಪ್ರಕಟವಾಯಿತು. 44 ಜನ, 12 ವಾರ. ಒಂದು ಗುಂಪಿಗೆ 0.5% ಬಾಕುಚಿಯಾಲ್ ದಿನಕ್ಕೆ ಎರಡು ಸಲ, ಇನ್ನೊಂದಕ್ಕೆ 0.5% ರೆಟಿನಾಲ್ ದಿನಕ್ಕೆ ಒಂದು ಸಲ. ಸುಕ್ಕು, ಕಲೆ ಎರಡೂ ಗುಂಪಿನಲ್ಲಿ ಸರಿಸುಮಾರು ಒಂದೇ ರೀತಿ ಕಡಿಮೆ ಆಯಿತು. ರೆಟಿನಾಲ್ ಹಚ್ಚಿದವರಿಗೆ ಸಿಪ್ಪೆ ಮತ್ತು ಉರಿ ಜಾಸ್ತಿ. 44 ಜನ ಅಂದರೆ ಚಿಕ್ಕ ಗುಂಪು. ರೆಟಿನಾಯ್ಡ್‌ಗಳ (ಎ ವಿಟಮಿನ್ ಕುಟುಂಬದ ವಸ್ತುಗಳ) ಹಿಂದೆ ಇರುವ ದಶಕಗಳ ಪುರಾವೆ ಇದಕ್ಕಿನ್ನೂ ಇಲ್ಲ. ಆದರೂ ನಾಜೂಕು ಚರ್ಮದವರಿಗೆ ನಾನು ಧೈರ್ಯವಾಗಿ ಹೇಳುವ ಮೊದಲ ಹೆಸರು ಇದೇ.

ಒಂದು ಎಚ್ಚರಿಕೆ. ಬಾಕುಚಿಯಾಲ್ ಬೇರೆ, ಗ್ರಂಥಿಗೆ ಅಂಗಡಿಯ ಬಾವಂಚಿ ಎಣ್ಣೆ ಬೇರೆ. ಬೀಜದಲ್ಲಿ ಸೋರಾಲೆನ್ ಅನ್ನುವ ವಸ್ತು ಇದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಆಮೇಲೆ ಕಪ್ಪಾಗುತ್ತದೆ. ತೊನ್ನಿನ ಚಿಕಿತ್ಸೆಯಲ್ಲಿ ಬಣ್ಣ ಬರಿಸಲು ಬಳಸುವ ಗುಣವೇ ಅದು. ‘ನೈಸರ್ಗಿಕ ಬಾಕುಚಿ ಎಣ್ಣೆ’ ತಂದು ರಾತ್ರಿ ಮುಖಕ್ಕೆ ಹಚ್ಚಿ, ಬೆಳಗ್ಗೆ ಬಿಸಿಲಿಗೆ ಹೋಗುವುದು ಅಪಾಯ. ಶುದ್ಧ ಮಾಡಿದ ಬಾಕುಚಿಯಾಲ್ ಇರುವ, ಪ್ರಮಾಣ ಬರೆದಿರುವ ಕ್ರೀಮನ್ನೇ ತಗೊಳ್ಳಿ.

ಆಸಿಡ್ ಮಾಸ್ಕ್, ಮತ್ತು ನನ್ನ ಕೆನ್ನೆಯ ಕಥೆ

ಗ್ಲೈಕಾಲಿಕ್, ಲ್ಯಾಕ್ಟಿಕ್ ಆಸಿಡ್ ಇರುವ ರಾತ್ರಿ ಮಾಸ್ಕ್‌ಗಳು ಮೇಲಿನ ಸತ್ತ ಪದರವನ್ನು ಬಿಡಿಸುತ್ತವೆ. ಬೆಳಗ್ಗೆ ಮುಖ ನುಣ್ಣಗೆ, ಹೊಳಪಾಗಿ ಇರುತ್ತದೆ. ಆ ಹೊಳಪಿಗೇ ನಾನು ಮರುಳಾಗಿದ್ದು.

ಮೂರು ವರ್ಷದ ಹಿಂದೆ ತಮ್ಮನ ಮನೆಯ ಗೃಹಪ್ರವೇಶ. ಒಂದು ವಾರ ಮುಂಚೆ, ರೆಟಿನಾಲ್ ಹಚ್ಚಿದ ರಾತ್ರಿಯೇ ಅದರ ಮೇಲೆ ಆಸಿಡ್ ಮಾಸ್ಕ್ ಹಚ್ಚಿ ಮಲಗಿದೆ. ಚುರುಗುಟ್ಟಿತು. ಕೆಲಸ ಮಾಡುತ್ತಿದೆ ಅಂದುಕೊಂಡೆ. ಬೆಳಗ್ಗೆ ಬಲಗೆನ್ನೆಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಗೆ, ಬಿಸಿ ಪಾತ್ರೆ ತಾಗಿದ ಹಾಗೆ ಆಗಿತ್ತು. ನಾಲ್ಕು ದಿನಕ್ಕೆ ಕೆಂಪು ಹೋಯಿತು, ಆ ಜಾಗ ಕಂದಾಯಿತು. ಗೃಹಪ್ರವೇಶದ ಎಲ್ಲ ಫೋಟೋದಲ್ಲೂ ಆ ಕಲೆ ಇದೆ. ಪೂರ್ತಿ ಮಾಸಲು ಏಳು ತಿಂಗಳು ಹಿಡಿಯಿತು. ನಮ್ಮ ಚರ್ಮ ಹೀಗೇ. ಉರಿ ಆರುತ್ತದೆ, ಅದರ ಗುರುತು ಉಳಿಯುತ್ತದೆ. ಹಾಗಾಗಿ ‘ಚುರುಗುಟ್ಟಿದರೆ ಒಳ್ಳೆಯದು’ ಅನ್ನುವ ಮಾತನ್ನು ಕಂದು ಚರ್ಮದವರು ನಂಬಲೇಬಾರದು.

ಆಸಿಡ್ ಬೇಕೇ ಅಂದರೆ ಲ್ಯಾಕ್ಟಿಕ್ ಆಸಿಡ್ 5% ಆಸುಪಾಸಿನದು ಹೊಸಬರಿಗೆ ಮೆತ್ತಗೆ. ಅಮೆರಿಕದ ಪರಿಣತರ ಸಮಿತಿ ಮನೆಬಳಕೆಗೆ ಹಾಕಿದ ಮಿತಿ 10%, ಪಿಎಚ್ (ಹುಳಿಯ ಅಳತೆ, ಸಂಖ್ಯೆ ಕಡಿಮೆ ಆದಷ್ಟೂ ಹುಳಿ ಜಾಸ್ತಿ) 3.5ಕ್ಕಿಂತ ಕೆಳಗೆ ಇರಬಾರದು ಅಂತ. ವಾರಕ್ಕೆ ಒಂದು ರಾತ್ರಿ, ರೆಟಿನಾಲ್ ಇಲ್ಲದ ರಾತ್ರಿ. ಮದುವೆ, ಹಬ್ಬದ ವಾರದಲ್ಲಿ ಯಾವ ಹೊಸದನ್ನೂ ಶುರು ಮಾಡಬೇಡಿ. ಆಸಿಡ್ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ, ನಿಲ್ಲಿಸಿದ ಮೇಲೂ ಒಂದು ವಾರ ಜೋಪಾನ ಇರಬೇಕು.

ಉಳಿದವು

ನಿಯಾಸಿನಮೈಡ್, ಅಂದರೆ ಬಿ3 ವಿಟಮಿನ್, ಒಳ್ಳೆಯ ಮಧ್ಯದ ದಾರಿ. 4-5% ಇದ್ದರೆ ಸಾಕು, ಕಲೆ ತಿಳಿಯಾಗುತ್ತದೆ, ಚರ್ಮದ ಹೊರಪದರ ಗಟ್ಟಿಯಾಗುತ್ತದೆ, ಹೆಚ್ಚಿನವರಿಗೆ ಉರಿ ಇಲ್ಲ. ಬಸುರಿಯರೂ ಹಚ್ಚಬಹುದು. ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಣುಕು) ಮಾಸ್ಕ್‌ಗಳು ತೊಂದರೆ ಕೊಡುವುದಿಲ್ಲ, ಆದರೆ ಬೆಲೆಗೆ ತಕ್ಕಷ್ಟು ಪುರಾವೆ ಕಡಿಮೆ. ಕೊಲಾಜನ್ (ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್) ಮಾಸ್ಕ್‌ಗೆ ಸುಕ್ಕಿನ ಆಸೆಯಿಂದ ದುಡ್ಡು ಹಾಕಬೇಡಿ. ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ (ಕಣದ ತೂಕದ ಅಳತೆ ಇದು) ದೊಡ್ಡ ಕಣ ಚರ್ಮದೊಳಗೆ ಇಳಿಯುವುದು ಕಷ್ಟ, ಕೊಲಾಜನ್ ಸುಮಾರು 3 ಲಕ್ಷ ಡಾಲ್ಟನ್. ಮೇಲೆ ಕೂತು ತೇವ ಕೊಡುತ್ತದೆ, ಆ ಕೆಲಸ ಗ್ಲಿಸರಿನ್ ಮಾಡುತ್ತದೆ. ಬಂಗಾರದ ಪುಡಿ ಹಾಕಿದ್ದಕ್ಕೂ ಇದೇ ಮಾತು.

ಹಾಳೆಯ ಮಾಸ್ಕ್ ಹಾಕಿಕೊಂಡು ನಿದ್ದೆ ಹೋಗಬೇಡಿ. ಅದು 15-20 ನಿಮಿಷದ್ದು. ಒಣಗಿದ ಮೇಲೆ ಮುಖದಲ್ಲೇ ಬಿಟ್ಟರೆ ಚರ್ಮವೂ ಒಣಗುತ್ತದೆ.

ಅಡುಗೆಮನೆಯ ಮಾಸ್ಕ್

ಇದರ ಬಗ್ಗೆ ಮನಸ್ಸಿಟ್ಟು ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೊದಲು ಕೈ ಹೋಗುವುದು ಅಲ್ಲಿಗೇ. ಕಡಲೆಹಿಟ್ಟು, ಮೊಸರು, ಅರಿಶಿನ ಹತ್ತು ನಿಮಿಷ ಹಚ್ಚಿ ತೊಳೆದರೆ ತೊಂದರೆ ಇಲ್ಲ, ಮುಖ ಹಗುರ ಅನಿಸುತ್ತದೆ. ಆದರೆ ಅದನ್ನು ಹಚ್ಚಿ ಮಲಗುವುದು ಬೇಡ. ಕಡಲೆಹಿಟ್ಟಾಗಲಿ, ಮುಲ್ತಾನಿ ಮಿಟ್ಟಿಯಾಗಲಿ ಒಣಗಿ ಬಿಗಿಯುವುದೇ ಎಣ್ಣೆ, ನೀರು ಹೀರಿ. ರಾತ್ರಿಯಿಡೀ ಹೀರಿದರೆ ಬೆಳಗ್ಗೆ ಬಿರಿದ ಹೊಲದ ಹಾಗೆ ಆಗುತ್ತದೆ. ಮೊಸರು, ಕೆನೆ ಎಂಟು ಗಂಟೆ ಬೆಚ್ಚಗಿನ ಮುಖದ ಮೇಲೆ ಹಳಸುತ್ತದೆ.

ನಿಂಬೆರಸ ಖಂಡಿತ ಬೇಡ. ಚರ್ಮದ ಪಿಎಚ್ ಸುಮಾರು 5, ನಿಂಬೆಯದು 2ರ ಹತ್ತಿರ. ಅದರ ಜೊತೆ ಬಿಸಿಲು ಸೇರಿದರೆ ಬಾವಂಚಿಯ ಹಾಗೇ ಸುಟ್ಟು ಕಪ್ಪಾಗಬಹುದು. ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ, ಕೈಕಾಲಿಗೆ ಬಹಳ ಒಳ್ಳೆಯದು. ಮೊಡವೆ ಬರುವ ಮುಖಕ್ಕೆ ರಂಧ್ರ ಮುಚ್ಚುತ್ತದೆ. ಅಂಗಳದ ಲೋಳೆಸರ ಹಚ್ಚುವುದಾದರೆ, ಕತ್ತರಿಸಿದ ಎಲೆಯನ್ನು ಒಂದು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ. ಹದಿನೈದು ನಿಮಿಷದಲ್ಲಿ ಬುಡದಿಂದ ಹಳದಿ ರಸ ಇಳಿಯುತ್ತದೆ. ತುರಿಕೆ ತರುವುದು ಹೆಚ್ಚಾಗಿ ಅದೇ. ಅದನ್ನು ಚೆಲ್ಲಿ, ಸಿಪ್ಪೆ ತೆಗೆದು, ಒಳಗಿನ ಗಾಜಿನಂಥ ತಿರುಳನ್ನು ತೊಳೆದು ಹಚ್ಚಿ. ತೇವಕ್ಕೆ ಚೆನ್ನಾಗಿದೆ, ಸುಕ್ಕಿಗೆ ಅದರಿಂದ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ‘ರಾತ್ರಿ ಹಚ್ಚಿ, ವಾರದಲ್ಲಿ ಬೆಳ್ಳಗಾಗಿ’ ಅಂತ ಕೈಯಿಂದ ಕೈಗೆ ದಾಟುವ ಟ್ಯೂಬುಗಳು. ಇವುಗಳಲ್ಲಿ ಎಷ್ಟೋ ಸಲ ಕಲೆ ತಿಳಿ ಮಾಡುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಮೊಮೆಟಾಸೋನ್‌ನಂಥ ಸ್ಟೆರಾಯ್ಡ್ ಇರುತ್ತದೆ. ಡಾಕ್ಟರ್ ಬಂಗಿಗೆ ಕೆಲವೇ ವಾರ ಬರೆದುಕೊಡುವ ಔಷಧ ಅದು. ಮೊದಲು ಮುಖ ಥಳಥಳ ಅನ್ನುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತವೆ, ಕೂದಲು ಬೆಳೆಯುತ್ತದೆ, ಬಿಟ್ಟ ಕೂಡಲೇ ಉರಿದು ಊದುತ್ತದೆ. ಪಟ್ಟಿಯಲ್ಲಿ ಕೊನೆಗೆ ‘ಸೋನ್’ ಅಂತ ಬರುವ ಹೆಸರು ಕಂಡರೆ ಡಾಕ್ಟರ್ ಹೇಳದೆ ಮುಖಕ್ಕೆ ಹಚ್ಚಬೇಡಿ. ಈಗಾಗಲೇ ಬಹಳ ದಿನ ಹಚ್ಚುತ್ತಿದ್ದರೆ ತಟ್ಟನೆ ಬಿಡದೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ, ನಿಧಾನವಾಗಿ ಬಿಡಿಸುತ್ತಾರೆ.

ದುಡ್ಡು ಎಲ್ಲಿಗೆ ಮೊದಲು?

ಕೈಯಲ್ಲಿ ಒಂದೇ ಡಬ್ಬಿಗೆ ದುಡ್ಡಿದ್ದರೆ ಮಾಸ್ಕ್ ಬಿಟ್ಟು ಸನ್‌ಸ್ಕ್ರೀನ್ ತಗೊಳ್ಳಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 55ಕ್ಕಿಂತ ಕೆಳಗಿನ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ನೋಡಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ, ಮನಸ್ಸು ಬಂದಾಗ ಹಚ್ಚಿದವರಿಗಿಂತ 24% ಕಡಿಮೆ ಮುಪ್ಪಾಗಿತ್ತು. 2013ರಲ್ಲಿ ಇದು ಪ್ರಕಟವಾಯಿತು. ಎಸ್‌ಪಿಎಫ್ 30 ಅಥವಾ ಜಾಸ್ತಿ, ಎರಡು ಬೆರಳುದ್ದ. ಬಂಗು ಇರುವವರು ಚರ್ಮದ ಬಣ್ಣ ಬೆರೆಸಿದ್ದು, ಅಂದರೆ ಐರನ್ ಆಕ್ಸೈಡ್ ಇರುವುದು ನೋಡಿ. ಕಣ್ಣಿಗೆ ಕಾಣುವ ಬೆಳಕೂ ಬಂಗು ಹೆಚ್ಚಿಸುತ್ತದೆ, ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಬೆಳಗ್ಗೆ ಇದನ್ನು ಹಚ್ಚಲು ಆಗುವುದಿಲ್ಲ ಅನ್ನುವವರು ರೆಟಿನಾಲ್, ಆಸಿಡ್ ಎರಡನ್ನೂ ತಗೋಬೇಡಿ. ರಾತ್ರಿ ಕಟ್ಟಿದ್ದನ್ನು ಹಗಲು ಕೆಡವಿದ ಹಾಗೆ.

ಎರಡನೆಯ ಡಬ್ಬಿಗೆ ದುಡ್ಡಿದ್ದರೆ ವಾಸನೆ ಇಲ್ಲದ ಸಾದಾ ಸೆರಾಮೈಡ್ ಕ್ರೀಮ್. ದಪ್ಪಗೆ ಹಚ್ಚಿದರೆ ಅದೇ ಮಾಸ್ಕ್. ‘ಸ್ಲೀಪಿಂಗ್ ಮಾಸ್ಕ್’ ಅನ್ನುವ ಹೆಸರಿಗೆ ಕೊಡುವ ಹೆಚ್ಚಿನ ದುಡ್ಡು ಬಹಳ ಸಲ ಡಬ್ಬಿಯ ಚೆಂದಕ್ಕೆ. ಮೂರನೆಯದು ರೆಟಿನಾಲ್ ಅಥವಾ ಬಾಕುಚಿಯಾಲ್. ಮೂವತ್ತರ ಒಳಗಿನವರಿಗೆ ಮೂರನೆಯದರ ಅವಸರ ಇಲ್ಲ. ಮುಟ್ಟು ನಿಂತವರಿಗೆ ಮಾತ್ರ ತಡ ಮಾಡಬೇಡಿ ಅನ್ನುತ್ತೇನೆ. ನಿಂತ ಮೊದಲ 5 ವರ್ಷಗಳಲ್ಲೇ ಚರ್ಮದ ಕೊಲಾಜನ್ ಸುಮಾರು 30% ಕಡಿಮೆ ಆಗುತ್ತದೆ. ಒಂದೇ ವರ್ಷದಲ್ಲಿ ಮುಖ ಜಾರಿತು ಅನ್ನುವವರ ಮಾತು ಸುಳ್ಳಲ್ಲ.

ಯಾವುದೇ ತಂದರೂ ಮೊದಲು ಕಿವಿಯ ಹಿಂದೆ ಮೂರು ರಾತ್ರಿ ಹಚ್ಚಿ ನೋಡಿ. ಮಲಗುವ ಅರ್ಧ ಗಂಟೆ ಮುಂಚೆಯೇ ಹಚ್ಚಿದರೆ ದಿಂಬಿಗಿಂತ ಮುಖಕ್ಕೆ ಜಾಸ್ತಿ ಸಿಗುತ್ತದೆ. ದಿಂಬಿನ ಕವರ್ ವಾರಕ್ಕೆ ಎರಡು ಸಲ ಒಗೆಯಿರಿ.

ಅಕ್ಕನಿಗೆ 52. ದಾವಣಗೆರೆಯಲ್ಲಿ ಟೀಚರ್, ದಿನಾ ಸ್ಕೂಟರ್. ಎರಡೂ ಕೆನ್ನೆಯ ಮೇಲೆ ಬಂಗು, ಹಣೆಯ ಮೇಲೆ ಗೆರೆ. ಅವಳು ಕೊನೆಗೆ ಎರಡೂ ಡಬ್ಬಿ ತಂದಳು. ನೀಲಿ ಜೆಲ್ ಮಂಗಳೂರಿನ ಹಾಸ್ಟೆಲ್‌ನಲ್ಲಿರುವ ಮಗಳಿಗೆ ಹೋಯಿತು. ರೆಟಿನಾಲ್ ಅವಳ ಹತ್ತಿರ ಇದೆ, ಮಂಗಳವಾರ ಮತ್ತು ಶುಕ್ರವಾರ ರಾತ್ರಿ, ಬಟಾಣಿಯಷ್ಟು, ಕೆಳಗೂ ಮೇಲೂ ಕ್ರೀಮ್. ಉಳಿದ ರಾತ್ರಿ ಬರೀ ಕ್ರೀಮ್. ಸನ್‌ಸ್ಕ್ರೀನ್ ಟ್ಯೂಬನ್ನು ಸ್ಕೂಟರ್ ಕೀ ತೂಗುವ ಮೊಳೆಯ ಕೆಳಗೇ ಇಟ್ಟಿದ್ದಾಳೆ. ಮೂರನೇ ವಾರಕ್ಕೆ ಮೂಗಿನ ಪಕ್ಕ ಹೊಟ್ಟು ಎದ್ದಿದೆ ಅಂತ ಮೊನ್ನೆ ಫೋಟೋ ಕಳಿಸಿದಳು. ಕಿಟಕಿಯ ಬೆಳಕಿನಲ್ಲಿ ತೆಗೆದ ಫೋಟೋ. ಈ ವಾರ ಒಂದೇ ರಾತ್ರಿ ಹಚ್ಚು, ಕ್ರೀಮ್ ಜಾಸ್ತಿ ಹಚ್ಚು ಅಂತ ಹೇಳಿದ್ದೇನೆ.